ಲಕ್ಸೆಂಬರ್ಗಿನ ಊರ ಚುನಾವಣೆ: ಏಪ್ರಿಲ್ 17ರೊಳಗೆ ಹೆಸರು ಬರೆಸಿ, ಜೂನ್ 11ಕ್ಕೆ ಮತ ಹಾಕಿ

ಹಾಸನದ ಮಗಳು | 2 ಏಪ್ರಿಲ್ 2023

ಎಲ್ಲರಿಗೂ ನಮಸ್ಕಾರ. ಈ ವಾರ ನಮ್ಮವರ ನಡುವೆ ಬರೀ ಕರ್ನಾಟಕದ ಚುನಾವಣೆಯದೇ ಮಾತು. ಮೇ 10ಕ್ಕೆ ಮತದಾನ ಅಂತ ಗೊತ್ತಾದ ದಿನದಿಂದ ನನ್ನ ಫೋನಿಗೆ ಬಿಡುವೇ ಇಲ್ಲ. ನನಗೂ ಮತ ಹಾಕುವ ಆಸೆ ಇದೆ. ಆದರೆ ಹೊರದೇಶದಲ್ಲಿರುವ ನಾವು ಊರಿಗೇ ಹೋಗಿ, ಮತಗಟ್ಟೆಯಲ್ಲಿ ಪಾಸ್‌ಪೋರ್ಟ್ ತೋರಿಸಿ ಹಾಕಬೇಕು. ಈ ಸಲ ನನಗೆ ರಜೆ ಇಲ್ಲ.

ಅದಾದ ಒಂದು ತಿಂಗಳಿಗೆ, ಜೂನ್ 11ರ ಭಾನುವಾರ, ನಾವು ದಿನಾ ಕಸ ಹಾಕುವ, ನೀರು ಕುಡಿಯುವ, ಮಕ್ಕಳನ್ನು ಶಾಲೆಗೆ ಕಳಿಸುವ ಊರಿನ ಚುನಾವಣೆ ಇದೆ. ಅದಕ್ಕೆ ವಿಮಾನ ಹತ್ತಬೇಕಿಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಮತ ಹಾಕಬಹುದು. ಈ ವಿಷಯ ಮಾತ್ರ ಯಾರ ಬಾಯಲ್ಲೂ ಬರುತ್ತಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮುಂಚೆ ವಿದೇಶಿಯರು ಇಲ್ಲಿ ಐದು ವರ್ಷ ಇದ್ದಿರಬೇಕಿತ್ತು. 2022ರಲ್ಲಿ ಕಾನೂನು ಬದಲಾಯಿತು. ಈಗ ವರ್ಷದ ಲೆಕ್ಕ ಇಲ್ಲ. ಹದಿನೆಂಟು ತುಂಬಿರಬೇಕು, ಇಲ್ಲಿನ ವಿಳಾಸ ಇರಬೇಕು, ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಿರಬೇಕು. ಕೊನೆಯ ದಿನ ಏಪ್ರಿಲ್ 17, ಸೋಮವಾರ ಸಂಜೆ 5 ಗಂಟೆ. ಸರ್ಕಾರದ ಮೈಗಿಶೆ ವೆಬ್‌ಸೈಟಿನಲ್ಲೂ ಮಾಡಬಹುದು, ಗೆಮೆಂಗ್, ಅಂದರೆ ಊರಾಡಳಿತದ ಕಚೇರಿಗೆ ಹೋಗಿಯೂ ಮಾಡಬಹುದು.

ನಾನು ಶುಕ್ರವಾರ ಹೋಗಿ ಬಂದೆ. ಕೌಂಟರಿನಲ್ಲಿ ಪಾಸ್‌ಪೋರ್ಟ್ ಮತ್ತು ವಾಸದ ಕಾರ್ಡ್ ಕೊಟ್ಟೆ. ಆಯಮ್ಮ ಫಾರಂ ತೆಗೆದು, ನನ್ನ ಹೆಸರನ್ನು ಒಂದೊಂದೇ ಅಕ್ಷರ ನೋಡಿಕೊಂಡು ಬರೆದರು. ನಮ್ಮ ಅಪ್ಪನ ಊರಿನ ಹೆಸರೂ ಸೇರಿ ನನ್ನ ಹೆಸರು ಉದ್ದ, ಕಾಗದದ ಗೆರೆ ಸಾಲಲಿಲ್ಲ. ಕೆಳಗಿನ ಗೆರೆಗೆ ಇಳಿಸಿದರು. ಸಹಿ ಹಾಕಿದೆ, ರಶೀದಿ ಕೊಟ್ಟರು. ಹತ್ತು ನಿಮಿಷ ಹಿಡಿಯಿತು, ಅಷ್ಟೇ. ಒಂಬತ್ತು ವರ್ಷದಿಂದ ಇಲ್ಲಿದ್ದೇನೆ. ಹೊರಗೆ ಬಂದಾಗ ಕಣ್ಣು ತುಂಬಿ ಬಂತು, ಸುಳ್ಳು ಹೇಳುವುದಿಲ್ಲ.

ಹೊಸಬ | 2 ಏಪ್ರಿಲ್ 2023

ಮೇಡಂ, ನಾನು ಬಂದು ಎಂಟು ತಿಂಗಳಾಯಿತು. ನನಗೂ ಆಗುತ್ತದಾ? ಇನ್ನೆರಡು ಪ್ರಶ್ನೆ. ಇಲ್ಲಿ ಮತ ಹಾಕಿದರೆ ಭಾರತದ ಪೌರತ್ವಕ್ಕೆ ತೊಂದರೆ ಇದೆಯಾ? ಹೆಸರು ಬರೆಸಿದ ಮೇಲೆ ಹೋಗದಿದ್ದರೆ ದಂಡ ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು. ನಿಜವಾ?

ಹಾಸನದ ಮಗಳು | 2 ಏಪ್ರಿಲ್ 2023

ಎಂಟು ತಿಂಗಳು ಧಾರಾಳವಾಗಿ ಸಾಕು. ಪೌರತ್ವಕ್ಕೆ ಏನೂ ಆಗುವುದಿಲ್ಲ. ನಾವಾಗಿ ಬೇರೆ ದೇಶದ ಪೌರತ್ವ ತೆಗೆದುಕೊಂಡರೆ ಮಾತ್ರ ಭಾರತದ್ದು ಹೋಗುತ್ತದೆ. ಇದು ಊರಿನ ನಿವಾಸಿಯಾಗಿ ಹಾಕುವ ಮತ.

ದಂಡದ ಮಾತು ನಿಜ. ಈ ದೇಶದಲ್ಲಿ ಮತದಾನ ಕಡ್ಡಾಯ. ಪಟ್ಟಿಗೆ ಸೇರಿದ ಮೇಲೆ ನಮಗೂ ಕಡ್ಡಾಯ. ಕಾರಣ ಇಲ್ಲದೆ ತಪ್ಪಿಸಿದರೆ ಮೊದಲ ಸಲಕ್ಕೆ 100ರಿಂದ 250 ಯೂರೊ ತನಕ ದಂಡ ಅಂತ ಕಾನೂನಿನಲ್ಲಿದೆ. ಅದಕ್ಕೆ ಹೆದರಬೇಡಿ. ಅಂಚೆ ಮೂಲಕ ಮತ ಹಾಕುವ ಅವಕಾಶ ಇದೆ, ಮೊದಲೇ ಅರ್ಜಿ ಕೊಡಬೇಕು ಅಷ್ಟೆ. ಮುಂದೆ ಬೇಡ ಅನ್ನಿಸಿದರೆ ಪಟ್ಟಿಯಿಂದ ಹೆಸರು ತೆಗೆಸಲೂಬಹುದು. ಒಮ್ಮೆ ಬರೆಸಿದರೆ ಮುಂದಿನ ಚುನಾವಣೆಗೂ ಅದೇ ನಡೆಯುತ್ತದೆ.

ಬಸವನಗುಡಿಯವ | 3 ಏಪ್ರಿಲ್ 2023

ಬೇಜಾರು ಮಾಡಿಕೊಳ್ಳಬೇಡಿ, ನನ್ನ ಅಭಿಪ್ರಾಯ ಬೇರೆ. ನಾನು ಮೂರು ವರ್ಷದ ಕೆಲಸಕ್ಕೆ ಬಂದವನು. ಆಮೇಲೆ ಎಲ್ಲಿರುತ್ತೇನೋ ಗೊತ್ತಿಲ್ಲ. ಇಲ್ಲೇ ಹುಟ್ಟಿ ಬೆಳೆದವರ ಊರು ಹೇಗಿರಬೇಕು ಅಂತ ಹೇಳಲು ನಾನು ಯಾರು? ಅವರ ಭಾಷೆಯೂ ನನಗೆ ಬರುವುದಿಲ್ಲ. ಬೆಂಗಳೂರಿನಲ್ಲಿ ಇದೇ ಮಾತನ್ನು ನಾವೇ ಹೇಳುತ್ತೇವೆ. ಬಂದು ಹತ್ತು ವರ್ಷವಾದರೂ ಕನ್ನಡ ಕಲಿಯದವರು ನಮ್ಮ ಊರಿನ ವಿಷಯದಲ್ಲಿ ತಲೆ ಹಾಕಿದರೆ ನಮಗೆ ಎಷ್ಟು ನೋವಾಗುತ್ತದೆ. ಇಲ್ಲಿ ಬಂದು ನಾನೇ ಅದನ್ನು ಮಾಡಲು ಮನಸ್ಸು ಒಪ್ಪುತ್ತಿಲ್ಲ.

ಅಲ್ಜೆಟ್ ದಂಡೆ | 3 ಏಪ್ರಿಲ್ 2023

ಬಸವನಗುಡಿಯವರೇ, ನಿಮ್ಮ ಸಂಕೋಚ ಒಳ್ಳೆಯ ಸಂಕೋಚ. ಇಲ್ಲಿನ ಜನರಿಗೂ ಈ ಅಳುಕು ಇದೆ. 2015ರ ಜೂನ್‌ನಲ್ಲಿ, ವಿದೇಶಿಯರಿಗೆ ದೇಶದ ಸಂಸತ್ತಿನ ಚುನಾವಣೆಯಲ್ಲೂ ಮತ ಕೊಡೋಣವೇ ಅಂತ ಜನರನ್ನೇ ಕೇಳಿದರು. ನೂರಕ್ಕೆ 78 ಮಂದಿ ಬೇಡ ಅಂದರು. ನಾನು ಆಗ ಇಲ್ಲೇ ಇದ್ದೆ. ಮರುದಿನ ಆಫೀಸಿನಲ್ಲಿ ಲಕ್ಸೆಂಬರ್ಗಿನ ಗೆಳತಿ ಬಂದು, "ನಿನ್ನ ಮೇಲೆ ಸಿಟ್ಟಲ್ಲ, ನಮ್ಮ ಭಾಷೆ ಕಳೆದುಹೋಗುತ್ತದೆ ಅನ್ನುವ ಭಯ" ಅಂದಳು. ನಾನು ಕನ್ನಡದವಳು. ಆ ಮಾತು ನನಗೆ ಬಿಡಿಸಿ ಹೇಳಬೇಕಿರಲಿಲ್ಲ.

ಆದರೆ ಆ ಮತ ಬೇರೆ, ಈ ಮತ ಬೇರೆ. ಊರ ಚುನಾವಣೆಯಲ್ಲಿ ವಿದೇಶಿಯರೂ ಇರಲಿ ಅಂತ ಇಲ್ಲಿನವರೇ ಬಾಗಿಲು ತೆಗೆದಿದ್ದಾರೆ. 1999ರಲ್ಲಿ ಯುರೋಪಿಯನ್ ಒಕ್ಕೂಟದ ದೇಶದವರಿಗೆ, 2005ರಲ್ಲಿ ನಮ್ಮಂಥ ಹೊರಗಿನವರಿಗೆ. ಯಾಕೆ ಅಂತ ಯೋಚಿಸಿ. ಇಡೀ ದೇಶ ನಮ್ಮ ಕೊಡಗಿಗಿಂತ ಚಿಕ್ಕದು. ಆರೂವರೆ ಲಕ್ಷ ದಾಟಿದ ಜನಸಂಖ್ಯೆಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ವಿದೇಶಿಯರು. ರಾಜಧಾನಿಯಲ್ಲಂತೂ ಹತ್ತರಲ್ಲಿ ಏಳು ಜನ. ಅಷ್ಟೂ ಜನ ಸುಮ್ನೆ ಕೂತರೆ ಊರನ್ನು ಆರಿಸುವವರು ಉಳಿದ ಮೂವರೇ. ಬಾಡಿಗೆ ಮನೆಯವರ ಕಷ್ಟ, ಎರಡು ಭಾಷೆಯ ನಡುವೆ ಒದ್ದಾಡುವ ಮಕ್ಕಳ ಕಷ್ಟ ಆ ಸಭೆಗೆ ತಲುಪಲು ಯಾರಾದರೂ ಹೇಳಬೇಕಲ್ವಾ?

ನನ್ನದೇ ಒಂದು ವಿಷಯ ಹೇಳುತ್ತೇನೆ. ನಾವು ಮೊದಲಿದ್ದ ಊರಿನಲ್ಲಿ ಮಗನಿಗೆ ಮೇಝೋಂ ರೆಲೇಯಲ್ಲಿ, ಅಂದರೆ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಕಡೆ, ಜಾಗ ಸಿಗಲಿಲ್ಲ. ಕಾಯುವ ಪಟ್ಟಿ ಉದ್ದ ಇತ್ತು. ಒಂದು ವರ್ಷ ನಾನು ಅರ್ಧ ದಿನದ ಕೆಲಸಕ್ಕೆ ಇಳಿದೆ. ಮಧ್ಯಾಹ್ನ ಹನ್ನೆರಡಕ್ಕೆ ಶಾಲೆಯ ಗೇಟಿನ ಹತ್ತಿರ ನಿಂತರೆ ಪಕ್ಕದಲ್ಲಿ ಪೋರ್ಚುಗಲ್‌ನ ಅಮ್ಮ, ಆಚೆ ಕಡೆ ಕೇಪ್‌ವರ್ಡ್‌ನ ಅಜ್ಜಿ. ಮೂವರದ್ದೂ ಅದೇ ತೊಂದರೆ. ಮೂವರ ಹೆಸರೂ ಮತಪಟ್ಟಿಯಲ್ಲಿ ಇರಲಿಲ್ಲ. ಆ ಕಟ್ಟಡಕ್ಕೆ ಇನ್ನೊಂದು ಕೋಣೆ ಸೇರಿಸಬೇಕೋ ಬೇಡವೋ ಅಂತ ತೀರ್ಮಾನಿಸುವುದು ಊರಿನ ಕೌನ್ಸಿಲ್. ಶಾಲೆಯ ಕಟ್ಟಡ, ಕುಡಿಯುವ ನೀರು, ಕಸ, ಊರೊಳಗಿನ ರಸ್ತೆ, ಎಲ್ಲಿ ಎಷ್ಟು ಮಹಡಿಯ ಮನೆ ಕಟ್ಟಬಹುದು ಅನ್ನುವ ನಕ್ಷೆ, ಎಲ್ಲವೂ ಅವರ ಕೈಯಲ್ಲಿದೆ. ನೀವು ಮೂರು ವರ್ಷಕ್ಕೆ ಬಂದಿದ್ದರೂ ಆ ಮೂರು ವರ್ಷ ಆ ನೀರನ್ನೇ ಕುಡಿಯುತ್ತೀರಿ.

ಬಸವನಗುಡಿಯವ | 4 ಏಪ್ರಿಲ್ 2023

ಓದಿದೆ. ಯೋಚಿಸುತ್ತೇನೆ. ಇನ್ನೊಂದು ನೆನಪಾಯಿತು. ನಮ್ಮ ಬೆಂಗಳೂರಿನಲ್ಲಿ ಪಾಲಿಕೆಗೆ ಕೊನೆಯ ಬಾರಿ ಮತ ಹಾಕಿದ್ದು 2015ರ ಆಗಸ್ಟ್‌ನಲ್ಲಿ. ಆ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. ಇವತ್ತಿಗೂ ಅಲ್ಲಿ ಕಾರ್ಪೊರೇಟರ್ ಇಲ್ಲ, ಅಧಿಕಾರಿಗಳೇ ಎಲ್ಲ. ಮನೆ ಮುಂದೆ ಮೋರಿ ಕಟ್ಟಿಕೊಂಡರೆ ಯಾರಿಗೆ ಹೇಳಬೇಕು ಅಂತ ಅಮ್ಮ ಫೋನಿನಲ್ಲಿ ಕೇಳುತ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ.

ಎಸ್ಲೆಕ್ ನಿವಾಸಿ | 5 ಏಪ್ರಿಲ್ 2023

ಉತ್ತರದ ಗುಡ್ಡದ ಕಡೆ, ಒಂದು ಸಣ್ಣ ಹಳ್ಳಿಯಲ್ಲಿದ್ದೇನೆ. ಇಲ್ಲಿನ ಚುನಾವಣೆ ನಗರದ ಥರ ಅಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಈ ಸಲ ದೇಶದಲ್ಲಿ 100 ಗೆಮೆಂಗ್‌ಗಳಿಗೆ ಚುನಾವಣೆ. 102 ಇದ್ದವು, ಎರಡು ಜೋಡಿ ಊರುಗಳು ಒಂದಾಗುತ್ತಿವೆ. ಬೂಸ್ ಮತ್ತು ವಾಲ್ಡ್‌ಬ್ರೆಡಿಮಸ್ ಒಂದು ಜೋಡಿ, ಗ್ರೋಸ್‌ಬೂಸ್ ಮತ್ತು ವಾಲ್ ಇನ್ನೊಂದು. 3,000ಕ್ಕಿಂತ ಜಾಸ್ತಿ ಜನ ಇರುವ ಊರುಗಳಲ್ಲಿ ಪಕ್ಷಗಳ ಪಟ್ಟಿ ಇರುತ್ತದೆ. ಅದಕ್ಕೆ ಪ್ರೊಪೋರ್ಟ್ಸ್ ಅನ್ನುತ್ತಾರೆ. ಅಂಥವು 56. ಉಳಿದ 44 ಸಣ್ಣ ಊರುಗಳದ್ದು ಮಯೋರ್ಟ್ಸ್. ನಮ್ಮದು ಅದರಲ್ಲಿ ಒಂದು.

ಮಯೋರ್ಟ್ಸ್‌ನಲ್ಲಿ ಪಕ್ಷದ ಪಟ್ಟಿ ಇಲ್ಲ. ಒಬ್ಬೊಬ್ಬರೇ ನಿಲ್ಲುತ್ತಾರೆ. ಚೀಟಿಯಲ್ಲಿ ಬರೀ ಹೆಸರುಗಳು. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಯಲ್ಲೂ ಪಕ್ಷದ ಚಿಹ್ನೆ ಇಲ್ಲವಲ್ಲ, ಹಾಗೇ. ನಮ್ಮ ಕೌನ್ಸಿಲ್‌ಗೆ 9 ಜನ ಬೇಕು, ಅದಕ್ಕೆ ಪ್ರತಿ ಮತದಾರನಿಗೆ 9 ಮತ. ಒಬ್ಬರಿಗೆ ಒಂದೇ ಹಾಕಬೇಕು. ಹೆಚ್ಚು ಮತ ಬಂದ 9 ಜನ ಗೆದ್ದರು. ಸಾವಿರಕ್ಕಿಂತ ಕಡಿಮೆ ಜನ ಇರುವ ಊರಾದರೆ 7 ಜನ ಸಾಕು. ಇನ್ನೊಂದು ನಿಯಮ ನನಗೆ ತುಂಬಾ ಹಿಡಿಸಿತು. ಗಂಡ ಹೆಂಡತಿ, ಅಪ್ಪ ಮಗ, ಅಣ್ಣ ತಮ್ಮ ಒಂದೇ ಕೌನ್ಸಿಲ್‌ನಲ್ಲಿ ಕೂರುವ ಹಾಗಿಲ್ಲ.

ಹೀಗಾಗಿ ಇಲ್ಲಿ ಭಾಷಣ ಇಲ್ಲ, ಮೆರವಣಿಗೆ ಇಲ್ಲ. ಬೇಕರಿಯಲ್ಲಿ ನನ್ನ ಹಿಂದೆ ನಿಂತವರೇ ಅಭ್ಯರ್ಥಿ. ಹೋದ ವಾರ ನಮ್ಮ ಪಕ್ಕದ ಮನೆಯ ಹೆಂಗಸು ಬಂದರು. ಹಾಲು ಕರೆಯುವ ಕೆಲಸ ಮುಗಿಸಿ, ಬೂಟು ಬಾಗಿಲಲ್ಲೇ ಬಿಟ್ಟು, ಅಡುಗೆಮನೆಯ ಮೇಜಿನ ಹತ್ತಿರ ಕೂತರು. ತಾನು ನಿಲ್ಲುತ್ತಿದ್ದೇನೆ ಅಂದರು. ನಿನಗೆ ಈ ಊರಿನಲ್ಲಿ ಏನು ಬೇಕು ಅಂತ ಕೇಳಿದರು. ಸಂಜೆ ಬಸ್ ನಿಲ್ದಾಣದಿಂದ ಮನೆತನಕ ಬೆಳಕಿಲ್ಲ, ಮಗಳು ಕತ್ತಲಲ್ಲಿ ಬರುತ್ತಾಳೆ ಅಂದೆ. ಒಂದು ಸಣ್ಣ ಪುಸ್ತಕ ತೆಗೆದು ಬರೆದುಕೊಂಡರು. ಆರು ವರ್ಷದಲ್ಲಿ ನನ್ನನ್ನು ಈ ಪ್ರಶ್ನೆ ಕೇಳಿದವರು ಅವರೊಬ್ಬರೇ. ನಾನೂ ಹೆಂಡತಿಯೂ ಮರುದಿನವೇ ಹೆಸರು ಬರೆಸಿದೆವು.

ಹೊಸಬ | 5 ಏಪ್ರಿಲ್ 2023

ನಾನು ಈಗಷ್ಟೇ ಆನ್‌ಲೈನ್‌ನಲ್ಲಿ ಮುಗಿಸಿದೆ. ಪಾಸ್‌ಪೋರ್ಟಿನ ಪುಟ ಸ್ಕ್ಯಾನ್ ಮಾಡಿ ಹಾಕಿದೆ. ಧನ್ಯವಾದ.

ಅಲ್ಜೆಟ್ ದಂಡೆ | 6 ಏಪ್ರಿಲ್ 2023

ಭಾಷೆಯ ಮಾತು ಅರ್ಧಕ್ಕೆ ನಿಂತಿತ್ತು, ಮುಗಿಸುತ್ತೇನೆ. ಹೆಚ್ಚಿನ ಕೌನ್ಸಿಲ್ ಸಭೆಗಳು ನಡೆಯುವುದು ಲಕ್ಸೆಂಬರ್ಗಿಷ್‌ನಲ್ಲಿ. 1984ರ ಕಾನೂನಿನಿಂದ ಅದು ಇಲ್ಲಿನ ರಾಷ್ಟ್ರಭಾಷೆ. ಕೆಲಸದ ಕಡೆ ಫ್ರೆಂಚ್, ಇಂಗ್ಲಿಷ್ ಅಂತ ನಾವು ಅದನ್ನು ಪಕ್ಕಕ್ಕಿಟ್ಟುಬಿಡುತ್ತೇವೆ. ನನಗೆ ಇದು ಸರಿ ಕಾಣುವುದಿಲ್ಲ. ಬೆಂಗಳೂರಿನಲ್ಲಿ ಕನ್ನಡ ಕಲಿಯಿರಿ ಅನ್ನುವ ನಾವು ಇಲ್ಲಿ ಕಲಿಯಲೇಬೇಕು. ಮತ ಹಾಕಲು ಪರೀಕ್ಷೆ ಇಲ್ಲ, ಅದು ನಿಜ. ಆದರೆ ಪೂರ್ತಿ ಕಲಿತ ಮೇಲೆ ಮತ ಹಾಕುತ್ತೇನೆ ಅಂದರೆ ಅದೂ ತಪ್ಪು. ನನಗೆ ಆಗಿದ್ದು ಉಲ್ಟಾ. 2017ರಲ್ಲಿ ಮೊದಲ ಸಲ ಮತ ಹಾಕಿದೆ. ಅಭ್ಯರ್ಥಿಗಳು ಏನು ಹೇಳುತ್ತಾರೆ ಅಂತ ತಿಳಿಯಬೇಕಿತ್ತು, ಅದಕ್ಕೇ ಸಂಜೆ ಕ್ಲಾಸಿಗೆ ಸೇರಿದೆ. ಈಗ ನಿಧಾನವಾಗಿ ಮಾತಾಡಿದರೆ ಅರ್ಥ ಆಗುತ್ತದೆ. "ಮೋಯೆನ್" (ನಮಸ್ಕಾರ) ಅಂತ ಶುರು ಮಾಡಿದರೆ ಮುಂದಿನ ಮಾತು ಅವರೇ ಹೇಳಿಕೊಡುತ್ತಾರೆ.

ಬಸವನಗುಡಿಯವ | 15 ಏಪ್ರಿಲ್ 2023

ಬರೆಸಿದೆ. ಕ್ಲಾಸ್ ಎಲ್ಲಿ ಅಂತ ಹೇಳಿ.

ಹಾಸನದ ಮಗಳು | 20 ಮೇ 2023

ಕರ್ನಾಟಕದ ಫಲಿತಾಂಶದ ಗದ್ದಲ ಮುಗಿಯಿತು, ಈಗ ಇಲ್ಲಿಗೆ ಬರೋಣ.

ವಿದೇಶಿ ಮತದಾರರ ಲೆಕ್ಕ ಬಂದಿದೆ. ಸುಮಾರು 50 ಸಾವಿರ ಜನ ಹೆಸರು ಬರೆಸಿದ್ದಾರೆ. 2017ರಲ್ಲಿ ಇದು 35 ಸಾವಿರದ ಒಳಗಿತ್ತು. ಖುಷಿಯ ಸಂಗತಿ. ಆದರೆ ಐದು ವರ್ಷದ ನಿಯಮ ಹೋಗಿದ್ದರಿಂದ ಹಕ್ಕು ಇರುವವರೂ ಬಹಳ ಜಾಸ್ತಿಯಾದರು. ಹಾಗಾಗಿ ಈಗಲೂ ಐವರಲ್ಲಿ ಒಬ್ಬರೇ ಬರೆಸಿದ ಹಾಗಾಯಿತು. ಉಳಿದ ನಾಲ್ವರಲ್ಲಿ ನಮ್ಮ ಎಷ್ಟು ಜನ ಇದ್ದಾರೋ ಅಂತ ಸಂಕಟ ಆಗುತ್ತದೆ. ಕೊನೆಯ ದಿನ ಸಂಜೆ ಆರಕ್ಕೆ ಇಬ್ಬರು ನನಗೆ ಫೋನ್ ಮಾಡಿ ಈಗ ಆಗುತ್ತದಾ ಅಂತ ಕೇಳಿದರು. ಏನು ಹೇಳಲಿ.

ಲಕ್ಸೆಂಬರ್ಗ್ ನಗರದಲ್ಲಿರುವವರು ಭಿಕ್ಷಾಟನೆಯ ವಿಷಯ ಗಮನಿಸಿ. ಮಾರ್ಚ್ ಕೊನೆಗೆ ನಗರದ ಕೌನ್ಸಿಲ್, ಕೆಲವು ಬೀದಿಗಳಲ್ಲಿ ಬೆಳಗ್ಗೆ 7ರಿಂದ ರಾತ್ರಿ 10ರ ತನಕ ಭಿಕ್ಷೆ ಬೇಡಬಾರದು ಅಂತ ನಿಯಮ ಮಾಡಿತು. ಈ ತಿಂಗಳು ಗೃಹ ಸಚಿವೆ ತೈನಾ ಬೊಫರ್ಡಿಂಗ್ ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ರೈಲು ನಿಲ್ದಾಣದ ಸುತ್ತ ಸಂಜೆ ಓಡಾಡಲು ಭಯ ಅನ್ನುವವರ ಮಾತೂ ನಿಜ. ನಾನೇ ಅಲ್ಲಿ ಬಸ್ ಬದಲಿಸುತ್ತೇನೆ. ಆದರೆ ಚಳಿಯಲ್ಲಿ ಕಾಗದದ ಲೋಟ ಹಿಡಿದು ಕೂತ ಮುದುಕನನ್ನು ಎಬ್ಬಿಸಿ ಕಳಿಸಿದರೆ ಆ ಭಯ ಹೋಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ನಾನು ಮತ ಹಾಕುವಾಗ ಇದನ್ನು ನೋಡಿಯೇ ಹಾಕುತ್ತೇನೆ.

ಹೊಸಬ | 4 ಜೂನ್ 2023

ಮತದಾನಕ್ಕೆ ಬನ್ನಿ ಅನ್ನುವ ಕರೆಪತ್ರ ಬಂತು. ಜೊತೆಗೆ ಪತ್ರಪೆಟ್ಟಿಗೆ ತುಂಬಾ ಕರಪತ್ರ. ನಾನು ನಗರದಲ್ಲಿದ್ದೇನೆ. 27 ಮತ ಅಂತೆ! ಇದನ್ನು ಹಾಕುವುದು ಹೇಗೆ? ತಪ್ಪಾಗಿ ಚೀಟಿ ಕೆಟ್ಟುಹೋಗುತ್ತದೆ ಅಂತ ಭಯ.

ಅಲ್ಜೆಟ್ ದಂಡೆ | 4 ಜೂನ್ 2023

ಕಷ್ಟ ಇಲ್ಲ. ನಗರದ ಕೌನ್ಸಿಲ್‌ನಲ್ಲಿ 27 ಸ್ಥಾನ, ಅದಕ್ಕೇ 27 ಮತ. ಚೀಟಿ ದೊಡ್ಡದು, ಮೇಜಿನ ಮೇಲೆ ಪೂರ್ತಿ ಬಿಚ್ಚಿ ನೋಡಿ. ಒಂದೊಂದು ಪಕ್ಷಕ್ಕೆ ಒಂದೊಂದು ಸಾಲು. ಸಾಲಿನ ತಲೆಯ ಮೇಲೆ ಒಂದು ದುಂಡು ಗುರುತು ಇರುತ್ತದೆ. ಅದನ್ನು ತುಂಬಿಸಿದರೆ ಅಥವಾ ಅದರಲ್ಲಿ ಗುಣಾಕಾರದ ಗುರುತು ಹಾಕಿದರೆ ಆ ಪಕ್ಷದ ಎಲ್ಲ ಅಭ್ಯರ್ಥಿಗಳಿಗೂ ಒಂದೊಂದು ಮತ. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು.

ನಾನು ಹಾಗೆ ಮಾಡುವುದಿಲ್ಲ. ಪ್ರತಿ ಹೆಸರಿನ ಪಕ್ಕ ಎರಡು ಚೌಕ ಇವೆ. ಒಬ್ಬರಿಗೆ ಒಂದು ಮತ ಹಾಕಬಹುದು, ತುಂಬಾ ಇಷ್ಟ ಆದವರಿಗೆ ಎರಡು. ಬೇರೆ ಬೇರೆ ಪಕ್ಷದವರನ್ನು ಬೆರೆಸಲೂಬಹುದು. ನಿಮ್ಮ ಬೀದಿಯ ಸೈಕಲ್ ದಾರಿಗೆ ಓಡಾಡಿದವರು ಒಂದು ಪಕ್ಷದಲ್ಲಿ, ಬಾಡಿಗೆ ಮನೆಯ ವಿಷಯ ಚೆನ್ನಾಗಿ ತಿಳಿದವರು ಇನ್ನೊಂದರಲ್ಲಿ ಇದ್ದರೆ ಇಬ್ಬರಿಗೂ ಹಾಕಿ. ನಾನು ಮನೆಯಲ್ಲೇ ಒಂದು ಹಾಳೆಯಲ್ಲಿ ಹೆಸರು, ಮತ ಬರೆದು ಕೂಡಿಸಿಕೊಂಡು ಹೋಗುತ್ತೇನೆ. 27ಕ್ಕಿಂತ ಕಡಿಮೆಯಾದರೆ ಪರವಾಗಿಲ್ಲ. ಒಂದು ಜಾಸ್ತಿಯಾದರೂ ಚೀಟಿ ಹೋಯಿತು. ಹೆಸರು, ಸಹಿ, ಬೇರೆ ಗೀಚು ಏನೂ ಬೇಡ. ಕೊನೆಗೆ ನಾಲ್ಕು ಮಡಿಕೆ ಮಾಡಿ, ಮುದ್ರೆ ಹೊರಗೆ ಕಾಣುವ ಹಾಗೆ ಪೆಟ್ಟಿಗೆಗೆ ಹಾಕಿ.

ಮೇಯರ್‌ಗೆ ಬೇರೆ ಮತ ಇಲ್ಲ. ಗೆದ್ದವರಲ್ಲಿ ಬಹುಮತ ಯಾರ ಕಡೆ ಆಗುತ್ತದೋ ಅವರಲ್ಲೊಬ್ಬರು ಮೇಯರ್ ಆಗುತ್ತಾರೆ. ಜೊತೆಗೆ ಶೆಫೆನ್ ಅಂತ ಕೆಲವರು ಇರುತ್ತಾರೆ. ದಿನದ ಆಡಳಿತ ಇವರದ್ದು. ಹೆಚ್ಚಿನ ಕೌನ್ಸಿಲರ್‌ಗಳು ಬೇರೆ ಕೆಲಸದಲ್ಲಿರುವವರು, ಸಭೆಗೆ ಅಂತ ಕೆಲಸದಿಂದ ರಜೆ ಸಿಗುತ್ತದೆ.

ಬೆಳಗ್ಗೆ 8ರಿಂದ ಮಧ್ಯಾಹ್ನ 2ರ ತನಕ ಮಾತ್ರ. ಮರೆಯಬೇಡಿ, ನಮ್ಮ ಊರಿನ ಹಾಗೆ ಸಂಜೆತನಕ ತೆರೆದಿರುವುದಿಲ್ಲ.

ಬಸವನಗುಡಿಯವ | 11 ಜೂನ್ 2023

ಹಾಕಿ ಬಂದೆ. ಶಾಲೆಯ ಜಿಮ್ ಹಾಲ್‌ನಲ್ಲಿ ಮತಗಟ್ಟೆ. ನೆಲದ ಮೇಲೆ ಬ್ಯಾಸ್ಕೆಟ್‌ಬಾಲ್ ಗೆರೆ, ಅದರ ಮೇಲೆ ಪರದೆ ಹಾಕಿದ ಮೇಜು. ಮೇಜಿನ ಹಿಂದಿದ್ದ ಹಿರಿಯರು ಪಾಸ್‌ಪೋರ್ಟ್ ನೋಡಿ, ನನ್ನ ಹೆಸರು ಗಟ್ಟಿಯಾಗಿ ಓದಿದರು. ತಪ್ಪಾಗಿಯೇ ಓದಿದರು, ಆದರೂ ಈ ಊರಿನಲ್ಲಿ ಯಾರೋ ನನ್ನ ಹೆಸರು ಎಲ್ಲರ ಎದುರು ಕರೆದದ್ದು ಇದೇ ಮೊದಲು. ಕ್ಲಾಸಿನಲ್ಲಿ ಕಲಿತ ಹಾಗೆ "ಮೆರ್ಸಿ, ಎಡ್ಡಿ" (ಧನ್ಯವಾದ, ಬರುತ್ತೇನೆ) ಅಂದೆ. ಅವರು ನಕ್ಕು ತಲೆ ಆಡಿಸಿದರು. ನನ್ನ ಮುಂದೆ ನಿಂತಿದ್ದ ಹುಡುಗಿ ತನ್ನ ಅಜ್ಜನನ್ನು ಕರೆದುಕೊಂಡು ಬಂದಿದ್ದಳು. 75 ದಾಟಿದವರಿಗೆ ಕಡ್ಡಾಯ ಅಲ್ಲ. ಅವರಿಗೆ ಹಾಕಲೇಬೇಕಿತ್ತಂತೆ.

ಸಂಜೆ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಮೋರಿ ಸರಿಮಾಡುವವರಿಗೆ ಹಾಕಿದೆಯಾ?" ಅಂದರು.

ಹಾಸನದ ಮಗಳು | 13 ಜೂನ್ 2023

ನಗರದಲ್ಲಿ ಲಿಡಿ ಪೋಲ್ಫರ್ ಅವರ ಡಿಪಿ ಪಕ್ಷವೇ ಮತ್ತೆ ಮೊದಲು. ಅವರು 1982ರಲ್ಲಿ ಮೊದಲ ಬಾರಿ ಮೇಯರ್ ಆದವರು. ನಾನು ಆರಿಸಿದವರಲ್ಲಿ ಹೆಚ್ಚಿನವರು ಗೆಲ್ಲಲಿಲ್ಲ. ಬೇಸರ ಇದೆ. ಹಸಿರು ಪಕ್ಷಕ್ಕೆ ಹಲವು ಕಡೆ ಪೆಟ್ಟು ಬಿತ್ತು, ಡಿಫೆರ್ಡಾಂಜ್‌ನಲ್ಲಂತೂ ಜೋರಾಗಿ. ಎಸ್ಲೆಕ್‌ನವರೇ, ನಿಮ್ಮ ಪಕ್ಕದ ಮನೆಯವರು ಏನಾದರು?

ಎಸ್ಲೆಕ್ ನಿವಾಸಿ | 13 ಜೂನ್ 2023

ಗೆದ್ದರು. ಒಂಬತ್ತರಲ್ಲಿ ಎಂಟನೆಯವರು. ಎಣಿಕೆ ಮುಗಿದ ಮೇಲೆ ರಾತ್ರಿ ಮನೆಗೆ ಬಂದು, ನಿಮ್ಮ ಎರಡು ಮತ ಇಲ್ಲದಿದ್ದರೆ ತುಂಬಾ ಹತ್ತಿರ ಆಗುತ್ತಿತ್ತು ಅಂದರು. ಅದೇ ಸಣ್ಣ ಪುಸ್ತಕ ತೆಗೆದು ಬಸ್ ನಿಲ್ದಾಣದ ದೀಪದ ಸಾಲು ತೋರಿಸಿದರು. ಅದರ ಕೆಳಗೆ ಇನ್ನೂ ಮೂರು ಮನೆಯವರು ಅದೇ ಮಾತು ಹೇಳಿದ್ದನ್ನು ಬರೆದಿದ್ದರು.

ಹೊಸ ಕೌನ್ಸಿಲ್‌ನ ಮೊದಲ ಸಭೆಯ ದಿನ ಇನ್ನೂ ಗೊತ್ತಾಗಿಲ್ಲ. ಸಭೆಗೆ ಯಾರು ಬೇಕಾದರೂ ಹೋಗಿ ಹಿಂದೆ ಕೂರಬಹುದು. ಮಗಳು ಬರುತ್ತೇನೆ ಅಂದಿದ್ದಾಳೆ. ಇವಳಿಗೆ ಲಕ್ಸೆಂಬರ್ಗಿಷ್ ಚೆನ್ನಾಗಿ ಬರುತ್ತದೆ, ನನಗೆ ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತಾಳೆ.